ಗುರುತಿಲ್ಲದವರ ಚೆಂಡು

ಟೂರ್ನಮೆಂಟಿಗೆ ಮುಂಚೆ ಮೊಮ್ಮಗಳ ಕಾಲೇಜಿನ ಫುಟ್‌ಬಾಲ್ ಹುಡುಗಿಯರು ಬೇರೆ ಕಾಲೇಜಿನವರ ಜೊತೆ ಸುಮ್ಮನೆ ಒಂದು ಆಟ ಆಡಿ ಬರಬೇಕೋ ಬೇಡವೋ ಎಂದು ಕೇಳಲು ಮನೆಯವರನ್ನೆಲ್ಲ ಕರೆಸಿದ್ದರು. ನಮ್ಮ ಮನೆಯಿಂದ ನಾನು ಹೋದೆ. ನಾವಿರುವುದು ಒಮಾನಿನಲ್ಲಿ. ಮಗನಿಗೆ ಖುರುಮ್ ಬಡಾವಣೆಯ ಆಫೀಸಿನಲ್ಲಿ ಮೀಟಿಂಗು, ಸೊಸೆಗೆ ಲ್ಯಾಬಿನಲ್ಲಿ ಡ್ಯೂಟಿ. ನಾನು ಓದಿದ್ದು ನಾಲ್ಕನೇ ಇಯತ್ತೆ.

“ಅವ್ವ, ಸುಮ್ನ ಕುಂತು ಬಾ. ಎಲ್ಲಾರೂ ಕೈ ಎತ್ತಿದಾಗ ನೀನೂ ಎತ್ತು,” ಎಂದಿದ್ದ ಮಗ.

ಮೊಮ್ಮಗಳು ಗೋಲ್‌ಕೀಪರ್. ಎರಡು ವರ್ಷ ಬೆಂಚಿನ ಮೇಲೆ ಕೂತು, ಈ ವರ್ಷ ಮೊದಲನೆಯವಳ ಜಾಗ ಗಿಟ್ಟಿಸಿಕೊಂಡಿದ್ದಳು. ಉಂಡ ತಟ್ಟೆ ತೊಳೆಯದ ಹುಡುಗಿ, ಗ್ಲೌಸನ್ನು ಮಾತ್ರ ತಾನೇ ಒಗೆದು ಬಾಲ್ಕನಿಯ ತಂತಿಗೆ ಹಾಕುತ್ತಿದ್ದಳು. ಸಂಜೆ ಅವಳನ್ನು ಕರೆತರಲು ಮಗ ಹೋಗುವಾಗ ನಾನೂ ಕಾರು ಹತ್ತುತ್ತಿದ್ದೆ. ಅವನು ಕಾರಿನಲ್ಲೇ ಕೂತು ಫೋನಿನಲ್ಲಿ ಮಾತಾಡುವನು. ನಾನು ಇಳಿದು ಮೈದಾನದ ಅಂಚಿನ ಸಿಮೆಂಟು ಮೆಟ್ಟಿಲ ಮೇಲೆ ಕೂರುವೆ. ಫುಟ್‌ಬಾಲು ಯಾರೂ ಕಲಿಸಲಿಲ್ಲ. ನೋಡಿ ನೋಡಿ ಗೊತ್ತಾಯಿತು.

ಅವರು ತಮ್ಮೊಳಗೇ ಎರಡು ಭಾಗವಾಗಿ ಆಡುತ್ತಿದ್ದರು. ಮೊಮ್ಮಗಳನ್ನು ದಾಟಿ ಒಂದು ಚೆಂಡೂ ಹೋಗುತ್ತಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನಾನೂ ತಟ್ಟುತ್ತಿದ್ದೆ. ಆಮೇಲೊಂದು ಸಂಜೆ ಕಣ್ಣಿಗೆ ಬಿತ್ತು: ಇವಳು ಚೆಂಡು ನೋಡುತ್ತಿಲ್ಲ, ಒದೆಯುವವಳ ಮುಖ ನೋಡುತ್ತಿದ್ದಾಳೆ. ಉದ್ದ ಜಡೆಯವಳು ಯಾವಾಗಲೂ ಎಡಮೂಲೆಗೇ ಒದೆಯುತ್ತಾಳೆ. ಕನ್ನಡಕದವಳು ಒದೆಯುವ ಮುಂಚೆ ಬಲಕ್ಕೆ ಕಣ್ಣು ಹಾಯಿಸುತ್ತಾಳೆ. ಅವರ ಕಾಲು ಚೆಂಡಿಗೆ ತಾಗುವ ಮೊದಲೇ ಇವಳು ಆ ಕಡೆ ಹಾರಿರುತ್ತಿದ್ದಳು. ಎರಡನೇ ಗೋಲ್‌ಕೀಪರ್ ಒಬ್ಬ ಒಮಾನಿ ಹುಡುಗಿ. ತಲೆಗೆ ಬಿಗಿಯಾಗಿ ಕಪ್ಪು ಬಟ್ಟೆ ಕಟ್ಟಿಕೊಂಡು ಬರುತ್ತಿದ್ದಳು. ಅವಳು ಚೆಂಡು ಹೊರಟ ಮೇಲೆ ಹೊರಡುತ್ತಿದ್ದಳು, ಗೋಲೂ ಬಿಡುತ್ತಿದ್ದಳು. ಆದರೆ ಕಣ್ಣು ಚೆಂಡಿನ ಮೇಲಿಂದ ತೆಗೆಯುತ್ತಿರಲಿಲ್ಲ.

ನಮ್ಮಣ್ಣನೂ ಹೀಗೇ. ಊರ ಗರಡಿಯಲ್ಲಿ ಎಲ್ಲರನ್ನೂ ಕೆಡವುತ್ತಿದ್ದ, ಎಲ್ಲರ ಪಟ್ಟೂ ಅವನಿಗೆ ಬಾಯಿಪಾಠ. ಹೊರಗಿನ ಪೈಲ್ವಾನನೊಬ್ಬ ಬಂದು, ನಾವು ಸರಿಯಾಗಿ ಕೂರುವಷ್ಟರಲ್ಲಿ ಅವನ ಬೆನ್ನಿಗೆ ಮಣ್ಣು ಹತ್ತಿಸಿ ಹೋದ.

ಸಭೆಯಲ್ಲಿ ಹಿಂದಿ, ಇಂಗ್ಲಿಷು. ಹೆಚ್ಚಿನವರಿಗೆ ಸೂರ್ ಎಂಬ ಬೇರೆ ಊರಿಗೆ ಹೋಗಿ ಆಡುವುದು ಬೇಡವಾಗಿತ್ತು. ಮೈಸೂರಿನ ಕಡೆಯ ಅಪ್ಪನೊಬ್ಬ ನನ್ನ ಕಡೆ ತಿರುಗಿ, “ಪರೀಕ್ಷೆ ಹತ್ರ ಬಂತಮ್ಮ. ಕಾಲು ಉಳುಕಿಸ್ಕೊಂಡು ಬಂದ್ರೆ ಯಾರು ನೋಡ್ಕೋತಾರೆ?” ಎಂದ. ಕೋಚ್ ಮಂಗಳೂರಿನವಳು. ಅವಳಿಗೂ ಎರಡು ಮನಸ್ಸು.

“ಅಜ್ಜಿ, ನೀವು ಎಂತ ಹೇಳ್ತೀರಿ? ದಿನಾ ಬಂದು ನೋಡ್ತೀರಲ್ಲ. ಅಲ್ಲಿ ಪೆಟ್ಟಾದ್ರೆ ಎಂತ ಮಾಡುದು?”

“ಇಲ್ಲಿ ಆಡಿದ್ರ ಪೆಟ್ಟಾಗೂದಿಲ್ಲೇನು? ಮೊನ್ನೆ ಆ ಉದ್ದ ಜಡಿಯಾಕಿ ಕನ್ನಡಕದಾಕಿನ್ನ ಒದ್ದು ಮೊಣಕಾಲು ಬಾವು ಬರಿಸಿದ್ಲಲ್ಲ.”

ಕೋಚ್ ನಕ್ಕಳು. “ಅದಲ್ಲ ಅಜ್ಜಿ. ನಮ್ಮ ಆಟ ಎಲ್ಲ ಅವರಿಗೆ ಗೊತ್ತಾಗ್ತದೆ.”

“ಗೊತ್ತಾಗ್ಲಿ. ಮೊದಲ ನಿಮಗ ಗೊತ್ತಾಗ್ಲಿ.”

ಕೋಚ್ ದಡ್ಡಿಯಲ್ಲ. ನನ್ನ ಮಾತನ್ನು ಹಿಂದಿಯಲ್ಲಿ ಎಲ್ಲರಿಗೂ ಹೇಳಿ ಕೈ ಎತ್ತಲು ಹೇಳಿದಳು. ಹೋಗಲಿ ಎನ್ನುವವರು ಇಬ್ಬರು ಹೆಚ್ಚಾದರು. “ಖಲಾಸ್, ಸೂರ್‌ಗೆ ಹೋಗುವ,” ಎಂದಳು.

ಮೊಮ್ಮಗಳು ಮನೆಯಲ್ಲಿ ನನ್ನ ಕುತ್ತಿಗೆಗೆ ಜೋತುಬಿದ್ದಳು. “ಅಜ್ಜಿ, ಯು ಆರ್ ದ ಬೆಸ್ಟ್! ಸೂರ್‌ನೋರು ನನ್ನ ದಾಟಿ ಒಂದು ಗೋಲ್ ಹಾಕ್ಲಿ ನೋಡೋಣ.”

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೂ ನಂಬುತ್ತಿರಲಿಲ್ಲ.

ಬಸ್ಸಿನಲ್ಲಿ ಮನೆಯ ಕಡೆಯ ಹೆಂಗಸೊಬ್ಬರು ಇರಬೇಕೆಂದರು. ಪುರುಸೊತ್ತಿದ್ದವಳು ನಾನೊಬ್ಬಳೇ. ಕಟ್ಟಿಕೊಂಡು ಹೋದ ರೊಟ್ಟಿ, ಶೇಂಗಾ ಚಟ್ನಿಯನ್ನು ಹುಡುಗಿಯರು ಅರ್ಧ ದಾರಿಯಲ್ಲೇ ಮುಗಿಸಿದರು. ಸೂರ್‌ನಲ್ಲಿ ಮೈದಾನದ ಆಚೆಗೇ ಸಮುದ್ರ, ಗಾಳಿ ಜೋರು.

ಮೊದಲ ಚೆಂಡು ತಂದವಳು ಒಬ್ಬ ಕುಳ್ಳಿ. ಮೊಮ್ಮಗಳು ಅವಳ ಮುಖ ನೋಡಿದಳು. ಅಲ್ಲಿ ಏನೂ ಸಿಗಲಿಲ್ಲ. ಎಡಕ್ಕೆ ಹಾರಿದಳು. ಚೆಂಡು ಬಲಗಡೆಯಿಂದ, ಅವಸರವಿಲ್ಲದೆ, ಉರುಳಿಕೊಂಡು ಒಳಗೆ ಹೋಯಿತು. ಅರ್ಧ ಆಟ ಮುಗಿಯುವುದರೊಳಗೆ ಇನ್ನೆರಡು ಹೋದವು. ಉಳಿದರ್ಧಕ್ಕೆ ಕೋಚ್ ಒಮಾನಿ ಹುಡುಗಿಯನ್ನು ನಿಲ್ಲಿಸಿದಳು. ಅವಳು ಒಂದು ಬಿಟ್ಟಳು, ಮಿಕ್ಕದ್ದೆಲ್ಲ ಹಿಡಿದಳು. ನಮ್ಮವರು ಸೋತರು. ಬಸ್ಸು ಹತ್ತುವ ಮುಂಚೆ ಕೋಚ್ ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದಳು. ಟೂರ್ನಮೆಂಟಿಗೆ ಯಾರು ನಿಲ್ಲುತ್ತಾರೆಂದು ಅಲ್ಲೇ ತಿಳಿಯಿತು. ಮೊಮ್ಮಗಳು ನನ್ನ ಪಕ್ಕ ಕೂರಲಿಲ್ಲ.

ಮೂರನೇ ದಿನ ನಾನು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಬಂದಳು.

“ಅಜ್ಜಿ, ನಿನಗ ಮೊದ್ಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತ ಯಾಕ ಹೋಗ್ಲಿ ಅಂದಿ? ಸುಮ್ನಿದ್ದಿದ್ರ ಟೂರ್ನಮೆಂಟ್‌ಗೆ ನಾನೇ ನಿಲ್ತಿದ್ದೆ!”

“ನಿಂತು ಅಲ್ಲೂ ಮೂರು ಬಿಡತಿದ್ದಿ.”

“ಸೋ ಮೀನ್!” ಎಂದು ಬಾಗಿಲು ಬಡಿದು ಹೋದಳು. ಅದರ ಅರ್ಥ ಯಾರನ್ನೂ ಕೇಳಲಿಲ್ಲ. ಸೊಪ್ಪು ಬಿಡಿಸಿ ಮುಗಿಸಿದೆ.

ಟೂರ್ನಮೆಂಟಿನಲ್ಲಿ ಒಮಾನಿ ಹುಡುಗಿ ನಿಂತಳು. ಎರಡು ಆಟ ಗೆದ್ದು ಮೂರನೆಯದು ಸೋತರು. ಮೊಮ್ಮಗಳು ಬೆಂಚಿನ ಮೇಲೆ ಕೂತಿದ್ದಳು, ನಾನು ಅವಳ ಹಿಂದಿನ ಸಾಲಿನಲ್ಲಿ. ಆ ಮೈಸೂರಿನ ಅಪ್ಪ ಸಿಕ್ಕಿ, “ಸೂರ್‌ಗೆ ಹೋಗಿದ್ದು ನಿಮ್ಮ ಹುಡುಗಿಗೇ ನಷ್ಟ ಆಯ್ತಲ್ಲಮ್ಮ,” ಎಂದ. ಹೌದು ಎಂದೆ. ಆದರೂ ಹೋಗಬಾರದಿತ್ತು ಎಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಮನೆಯವರ ಜೊತೆಗೇ ಆಡಿ ಗೆದ್ದದ್ದು ಯಾತರ ಗೆಲುವು?

ಮರುದಿನ ಸಂಜೆ ಮೊಮ್ಮಗಳು ಚೆಂಡು ತಂದು ನನ್ನ ಮುಂದಿಟ್ಟಳು. “ನೀ ಎಸಿ.”

“ನನ್ನ ಮೊಣಕಾಲಿಗೆ ಶಕ್ತಿ ಎಲ್ಲಿ ಐತಿ?”

“ಕೈಲೆ ಎಸಿ ಅಜ್ಜಿ, ಮೊಣಕಾಲಿಲೆ ಅಲ್ಲ.”

ಈಗ ಬಿಸಿಲು ಇಳಿದ ಮೇಲೆ ಬಿಲ್ಡಿಂಗಿನ ಹಿಂದೆ ಕಾರು ನಿಲ್ಲಿಸುವ ಜಾಗದಲ್ಲಿ ಅವಳು ಗೋಡೆಗೆ ಬೆನ್ನು ಹಾಕಿ ನಿಲ್ಲುತ್ತಾಳೆ, ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಸೆಯುತ್ತೇನೆ. ಮೊದಮೊದಲು ಚೆಂಡು ಎತ್ತ ಹೋಗುತ್ತದೆಂದು ನನಗೇ ಗೊತ್ತಿರುತ್ತಿರಲಿಲ್ಲ. ಈಗ ಕೈ ಪಳಗಿದೆ. ಹತ್ತರಲ್ಲಿ ಐದೋ ಆರೋ ಹಿಡಿಯುತ್ತಾಳೆ. ಮುಂದಿನ ವರ್ಷ ಜಾಗ ಸಿಗುತ್ತದೋ ಇಲ್ಲವೋ, ನಾನು ಹೇಳಲಾರೆ. ಮುಖ ನೋಡುವ ಚಾಳಿ ಪೂರ್ತಿ ಬಿಟ್ಟಿಲ್ಲ. ಅವಳು ನೋಡಿದ್ದು ಕಂಡಾಗಲೆಲ್ಲ ನಾನು ಬಲಕ್ಕೆ ನೋಡಿ ಎಡಕ್ಕೆ ಎಸೆಯುತ್ತೇನೆ.