ಅರ್ಧ ಶಟರಿನ ಮುಷ್ಟಿಯುದ್ಧ

ಅಂಗಡಿಯ ಶಟರನ್ನು ಪೂರ್ತಿ ಎತ್ತಿದರೆ ವ್ಯಾಪಾರ, ಪೂರ್ತಿ ಇಳಿಸಿದರೆ ರಜೆ ಎಂದು ನಂಬಿರುವವರು ತಿಪಟೂರಿನಲ್ಲಿ ಒಂದು ಭಾನುವಾರವನ್ನೂ ಕಳೆದಿಲ್ಲವೆಂದೇ ಹೇಳಬೇಕು. ಇವೆರಡರ ನಡುವೆ ಮೂರನೆಯದೊಂದು ಅವಸ್ಥೆಯಿದೆ: ನೆಲದಿಂದ ಮನುಷ್ಯನ ಸೊಂಟದೆತ್ತರಕ್ಕೆ ಬಂದು ನಿಂತುಬಿಟ್ಟ ಅರ್ಧ ಶಟರು. ಗಿರಾಕಿಗೆ ಅದು ‘ನಾಳೆ ಬಾ’ ಎನ್ನುತ್ತದೆ, ಸ್ನೇಹಿತನಿಗೆ ‘ಬಗ್ಗಿ ಒಳಗೆ ಬಾ’ ಎನ್ನುತ್ತದೆ. ಒಂದೇ ಸಂಗತಿ ಇಬ್ಬರಿಗೆ ಎರಡು ಅರ್ಥ ಹೊಳೆಸುವುದಕ್ಕೆ ನಮ್ಮ ಆಲಂಕಾರಿಕರು ಧ್ವನಿ ಎಂದು ಹೆಸರಿಟ್ಟರು. ಅದನ್ನು ಕಾಲೇಜಿನಲ್ಲಿ ಜೀವಮಾನವಿಡೀ ಬೋಧಿಸಿ ನಿವೃತ್ತನಾದ ನಾನು, ಮಕ್ಕಳನ್ನು ಕರೆದುಕೊಂಡು ಹೋಗಿ ಒಂದು ತಗಡಿನ ಬಾಗಿಲು ತೋರಿಸಿದ್ದರೆ ಸಾಕಿತ್ತೇನೋ ಎಂದು ಈಗ ಅನ್ನಿಸುತ್ತದೆ.

ನಾನು ಬಗ್ಗಿ ಒಳಹೋಗುವ ಶಟರು ಸತ್ತಾರ್ ಸಾಬ್ರದು. ಕೊಬ್ಬರಿ ಮಂಡಿಗಳ ಹಿಂದಿನ ಗಲ್ಲಿಯಲ್ಲಿ ಅವರ ಟೈಲರಿಂಗ್ ಅಂಗಡಿ. ನಾವಿಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಇಬ್ಬರೂ ಸೀಮೆಸುಣ್ಣ ಹಿಡಿದೇ ಬದುಕಿದವರು. ಅವರೆಳೆದ ಗೆರೆಗಳಿಂದ ಊರಿನವರಿಗೆ ಬಟ್ಟೆಯಾಯಿತು. ನಾನೆಳೆದ ಗೆರೆಗಳಿಂದ ಏನಾಯಿತೆಂಬುದನ್ನು ಊರಿನವರು ಸೌಜನ್ಯದಿಂದ ಇದುವರೆಗೆ ಹೇಳಿಲ್ಲ. ನಮ್ಮನ್ನು ಕೂಡಿಸಿದ್ದು ಬಟ್ಟೆಯೂ ಅಲ್ಲ, ಕಾವ್ಯವೂ ಅಲ್ಲ, ಬಾಕ್ಸಿಂಗ್. ಒಂದು ಇರುವೆಯನ್ನೂ ಧೈರ್ಯವಾಗಿ ಹೊಸಕಲಾರದ ಇಬ್ಬರು ಗಂಡಸರಿಗೆ ಮುಷ್ಟಿಯುದ್ಧದ ಹುಚ್ಚು ಹೇಗೆ ಹಿಡಿಯಿತೆಂದು ಕೇಳಬೇಡಿ. ಹುಚ್ಚಿಗೆ ಕಾರಣವಿದ್ದರೆ ಅದನ್ನು ಹುಚ್ಚು ಎನ್ನುವುದಿಲ್ಲ. ಅಮೆರಿಕದವರು ಶನಿವಾರ ರಾತ್ರಿ ಬಡಿದಾಡಿಕೊಂಡರೆ ಅದು ನಮಗೆ ಭಾನುವಾರ ಬೆಳಗಿನ ತಟ್ಟೆ ಇಡ್ಲಿಯ ಹೊತ್ತಿಗೆ ಸರಿಯಾಗಿ ಬಂದು ತಲುಪುತ್ತದೆ. ಭೂಮಿ ಗುಂಡಗಿರುವುದರಿಂದ ನನಗಾದ ಪ್ರಯೋಜನ ಇದೊಂದೇ. ಇಡ್ಲಿಯ ಪೊಟ್ಟಣ ನನ್ನದು, ಟೀವಿ ಸಾಬ್ರದು. “ಇಬ್ರು ಹೊಡ್ಕೊಳೋದನ್ನ ನೋಡೋಕೆ ಇನ್ನಿಬ್ರು ಚಟ್ನಿ ಕಟ್ಟಿಸ್ಕೊಂಡ್ ಹೋಗ್ತೀರಲ್ಲ, ನಿಮ್ಮ ಜನ್ಮಕ್ಕಿಷ್ಟು!” ಎಂದು ನನ್ನ ಹೆಂಡತಿ ಸರೋಜ ಪ್ರತಿ ವಾರ ಆಶೀರ್ವಾದ ಮಾಡಿಯೇ ಕಳಿಸುವುದು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ನಮ್ಮ ಸಂಸಾರಕ್ಕೆ ಸವತಿ ಬಂದದ್ದು ಈಚೆಗೆ. ಒಂದು ಭಾನುವಾರ ಶಟರಿನಡಿ ನುಸುಳಿ ತಲೆಯೆತ್ತುತ್ತೇನೆ, ಟೀವಿಯಲ್ಲಿ ಹಗ್ಗ ಕಟ್ಟಿದ ಅಖಾಡವಿರಲಿಲ್ಲ, ಎಂಟು ಮೂಲೆಯ ಬಲೆಯ ಪಂಜರವಿತ್ತು. ಅದರೊಳಗೆ ಇಬ್ಬರು ನೆಲದ ಮೇಲೆ ಒಬ್ಬರಿಗೊಬ್ಬರು ತೆಕ್ಕೆಬಿದ್ದು ಹೊರಳುತ್ತಿದ್ದರು. ಮೊದಲು ನಾನು ಯಾರಿಗೋ ಫಿಟ್ಸ್ ಬಂದಿದೆ, ಇನ್ನೊಬ್ಬ ಹಿಡಿದುಕೊಂಡಿದ್ದಾನೆ ಎಂದುಕೊಂಡೆ.

“ಎಮ್ಮೆಮ್ಮೆ ಅಂತಾರೆ ಮೇಷ್ಟ್ರೇ ಇದಕ್ಕೆ, ಇಂಗ್ಲಿಷ್‌ನಾಗೆ ಮೂರ್ ಅಕ್ಷರ, ಎಂ ಎಂ ಎ,” ಎಂದರು ಸಾಬ್ರು, ಹೊಸ ಸೊಸೆಯನ್ನು ತೋರಿಸುವ ಮಾವನ ಹಾಗೆ. “ಗುದ್ದಬೋದು, ಒದೀಬೋದು, ಎತ್ತಾಕ್ಬೋದು, ಕುತ್ಗೆ ಅವುಚ್ಬೋದು. ಎಲ್ಲಾ ಐತೆ.”

“ಕಚ್ಚೋದೊಂದು ಬಿಟ್ಟಿದ್ದಾರಲ್ಲ, ದೊಡ್ಡ ಮನಸ್ಸು,” ಎಂದೆ.

“ಹಂಗನ್ಬೇಡಿ. ಉಸಿರು ಕಟ್ತು ಅಂದ್ರೆ ಎರಡ್ ಸಲ ತಟ್ಟಿದ್ರೆ ಸಾಕು, ಬುಟ್ ಬುಡ್ತಾರೆ. ಬಾಕ್ಸಿಂಗ್‌ನಾಗೆ ಬಿದ್ದೋನ್ನ ಎಬ್ಬಿಸಿ ಎಬ್ಬಿಸಿ ಹೊಡೀತಾರೆ. ಇದ್ರಾಗೆ ಮರ್ಯಾದೆ ಐತೆ.”

ಸೋತೆನೆಂದು ತಾನೇ ಚಾಪೆ ತಟ್ಟಿ ಸಾರುವ ವೀರನನ್ನು ಒಪ್ಪಿಕೊಳ್ಳಲು ನನ್ನ ಹಳಗನ್ನಡದ ಮನಸ್ಸು ಸಿದ್ಧವಿರಲಿಲ್ಲ. ಅದಕ್ಕಿಂತ ದೊಡ್ಡ ತಕರಾರು ಗಂಟೆಯದು. ಬಾಕ್ಸಿಂಗಿನಲ್ಲಿ ಠಣ್ ಎಂದು ಗಂಟೆ ಹೊಡೆದರೆ ಎಂಥ ಆವೇಶದಲ್ಲಿದ್ದರೂ ಕೈ ಇಳಿಸಿ ಮೂಲೆಗೆ ಹೋಗಬೇಕು. ಮೇಷ್ಟ್ರುಗಳ ಧರ್ಮವೂ ಅದೇ ಆದ್ದರಿಂದ ಆ ನಾದ ನನಗೆ ಪವಿತ್ರ. ಇಲ್ಲಿ ಹುಳಿಯಾರಿನ ಖಾಸಗಿ ಬಸ್ಸಿನಂತೆ ಭೋಂ ಎಂದು ಹಾರ್ನು ಹೊಡೆಯುತ್ತಾರೆ. ಸಾಬ್ರು ಆ ಹಾರ್ನಿಗೆ ಮರುಳಾಗಿದ್ದರು. ವಾರ ವಾರವೂ ಪಂಜರವೇ. ನಮ್ಮ ಮುಷ್ಟಿಯುದ್ಧದ ಬಗ್ಗೆ ಮಾತೆತ್ತಿದರೆ, ದೂರದ ನೆಂಟರ ಕ್ಷೇಮ ವಿಚಾರಿಸಿದವರಂತೆ “ಹ್ಞೂಂ, ಚೆನ್ನಾಗಿರ್ತದೆ” ಎಂದು ಸುಮ್ಮನಾಗುವರು.

ಎಮ್ಮೆಮ್ಮೆ ನೋಡುವವರು ಇನ್ನೂ ಬಾಕ್ಸಿಂಗ್ ನೋಡುತ್ತಾರೆಯೇ? ವಿದ್ವತ್ ಗೋಷ್ಠಿಗೆ ಯೋಗ್ಯವಾದ ಈ ಪ್ರಶ್ನೆಯನ್ನು ಹೊತ್ತು ನಾನು ಕ್ಷೇತ್ರಕಾರ್ಯಕ್ಕಿಳಿದೆ. ಹೊನ್ನವಳ್ಳಿಯ ನಮ್ಮ ತೋಟದಲ್ಲಿ ಕಾಯಿ ಸುಲಿಯುವ ಶಿವಣ್ಣ, ಸಿಪ್ಪೆಯ ಗುಡ್ಡೆಯ ಮೇಲೆ ಮೊಬೈಲು ಒರಗಿಸಿಕೊಂಡು ಪಂಜರ ನೋಡುವವನು, “ಎರಡೂ ನೋಡ್ತೀನಿ ಕಣ್ ಸಾ. ಆದ್ರೆ ಬಾಕ್ಸಿಂಗ್ ನೋಡುವಾಗ, ಥೂ, ಇವ್ನು ಒದೀವಲ್ನಲ್ಲ ಅಂತ ನನ್ ಕಾಲೇ ನವೆಯಾಯ್ತದೆ,” ಎಂದ. ನನ್ನ ಸ್ಕೂಟರು ರಿಪೇರಿ ಮಾಡುವ ಹುಡುಗನೊಬ್ಬ ಸ್ಪ್ಯಾನರು ಕೆಳಗಿಟ್ಟು, ಬಹಳ ಗೌರವದಿಂದ, “ಬಾಕ್ಸಿಂಗಾ ಸಾರ್? ನಮ್ ತಾತ ನೋಡೋರು,” ಎಂದ. ಅಲ್ಲಿಗೆ ಸಂಶೋಧನೆಯನ್ನು ನಿಲ್ಲಿಸಿದೆ. ಗೋಬಿ ಮಂಚೂರಿ ತಿಂದವರು ಮನೆಗೆ ಬಂದು ಮುದ್ದೆ ಕೇಳುವುದಿಲ್ಲವೇ ಎಂದು ಸಮಾಧಾನ ಹೇಳಿಕೊಂಡೆ. ಆದರೆ ನಿಮ್ಮಲ್ಲಿ ಮುಚ್ಚಿಡುವುದೇಕೆ, ನನಗೆ ಲೋಕದ ಪ್ರೇಕ್ಷಕರೆಲ್ಲ ಯಾವ ಕಡೆ ಹಾಳಾಗಿ ಹೋದರೂ ಚಿಂತೆಯಿರಲಿಲ್ಲ. ಒಬ್ಬ ಪ್ರೇಕ್ಷಕನದು ಮಾತ್ರ ಚಿಂತೆ. ಸಾಬ್ರು ಬಾಕ್ಸಿಂಗ್ ಬಿಟ್ಟರೆ ಭಾನುವಾರ ನನ್ನನ್ನೂ ಬಿಟ್ಟ ಹಾಗೆಯೇ ಎಂಬ ಭಯ ನನ್ನದು.

ಭಯಗೊಂಡ ಮೇಷ್ಟ್ರು ಉಪದೇಶಕ್ಕಿಳಿಯುತ್ತಾನೆ, ಇದು ಪ್ರಕೃತಿನಿಯಮ. ಮುಂದಿನ ಭಾನುವಾರ ಭಾರಿ ಬಾಕ್ಸಿಂಗ್ ಪಂದ್ಯವೊಂದಿತ್ತು. ನೆನಪಿಸಿದರೆ ಸಾಬ್ರು ಕಾಜ ಹೊಲಿಯುತ್ತಾ, “ಅದೇ ಟೈಮಿಗೆ ಪಂಜರದ್ದೂ ಐತಲ್ಲ ಮೇಷ್ಟ್ರೇ, ನೋಡಾಣ,” ಎಂದರು. ಆ ‘ನೋಡಾಣ’ ನನ್ನನ್ನು ಕೆರಳಿಸಿತು.

“ನೋಡಿ ಸಾಬ್ರೇ,” ಎಂದೆ, ಎದ್ದು ನಿಂತು, ಪಾಠಕ್ಕೆ ನಿಲ್ಲುವ ಭಂಗಿಯಲ್ಲಿ. “ಹೊಸದು ಬಂತು ಅಂತ ಹಳೇದನ್ನ ಮೂಲೆಗೆ ತಳ್ಳೋ ಮನುಷ್ಯ ನಾನಲ್ಲ. ನಿಯತ್ತು ಅಂತ ಒಂದಿರುತ್ತೆ.”

ಸಾಬ್ರು ಸೂಜಿ ನಿಲ್ಲಿಸಿದರು. ನನ್ನ ಮುಖ ನೋಡಲಿಲ್ಲ. ಅವರ ದೃಷ್ಟಿ ನನ್ನ ಸೊಂಟದಿಂದ ಹೊರಟು, ಮಂಡಿಯಲ್ಲಿ ಒಂದಿಷ್ಟು ತಂಗಿ, ಹಿಮ್ಮಡಿಯವರೆಗೆ ಇಳಿಯಿತು. “ಆಯ್ತು ಬುಡಿ ಮೇಷ್ಟ್ರೇ,” ಎಂದಷ್ಟೇ ಹೇಳಿ ಮತ್ತೆ ಕಾಜಕ್ಕೆ ತಲೆ ಬಗ್ಗಿಸಿದರು. ನನ್ನ ಮಾತಿನ ಏಟು ಸರಿಯಾಗಿ ಬಿದ್ದಿದೆ ಎಂದುಕೊಂಡು ನಾನು ವಿಜಯಿಯಾಗಿ ಮನೆಗೆ ಬಂದೆ.

ಆ ವಾರದ ನಡುವೆ ಮಂಡಿಯಲ್ಲಿ ಕೊಬ್ಬರಿ ಟೆಂಡರ್ ನಡೆಯುವ ದಿನ ಅಂಗಡಿಯ ಮುಂದೆ ಹಾದೆ. ಶಟರು ಪೂರ್ತಿ ಮೇಲಿತ್ತು. ಎಂದಿನಂತೆ ಒಳಗೆ ಹೋಗಿ ಸ್ಟೂಲು ಎಳೆದುಕೊಂಡರೆ ಸಾಬ್ರು ಟೇಪನ್ನು ಕೊರಳಿಗೆ ಹಾಕಿಕೊಂಡು ಎದ್ದು, “ಏನಾಗ್ಬೇಕಿತ್ತು ಸಾರ್?” ಎಂದರು. ಸಾರ್! ಮೇಷ್ಟ್ರೇ ಎಂಬುದು ಬಿಟ್ಟರೆ ಇನ್ನೊಂದು ಹೆಸರಿನಿಂದ ಕರೆಯದಿದ್ದ ಬಾಯಿ. ಏನೂ ಇಲ್ಲವೆಂದು ತೊದಲಿ ಹೊರಗೆ ಬಂದೆ. ಇಷ್ಟು ವರ್ಷದಲ್ಲಿ ಆ ಅಂಗಡಿಯಲ್ಲಿ ನಾನು ಬರೀ ಗಿರಾಕಿಯಾದದ್ದು ಅಂದೇ ಮೊದಲು.

ಮನೆಗೆ ಬಂದು ಸರೋಜಳ ಮುಂದೆ ಅಳಲು ತೋಡಿಕೊಂಡೆ. ಅವಳು ಕಾಯಿ ತುರಿಯುತ್ತಾ ಪೂರ್ತಿ ಕೇಳಿದಳು; ನನ್ನ ನಿಯತ್ತಿನ ಭಾಷಣದ ಜಾಗ ಬಂದಾಗ ತುರಿಯುವ ಮಣೆ ನಿಂತಿತು.

“ಅಲ್ರೀ, ಈ ಮಾತನ್ನ ಈ ಪ್ಯಾಂಟ್ ಹಾಕ್ಕೊಂಡ್ ಹೋಗಿ ಹೇಳಿದ್ರಾ?”

“ಪ್ಯಾಂಟಿಗೂ ಬಾಕ್ಸಿಂಗಿಗೂ ಏನೇ ಸಂಬಂಧ?”

ಇಲ್ಲಿ ನನ್ನ ಪ್ಯಾಂಟಿನ ವಿಷಯ ಹೇಳಬೇಕು. ಮೊದಲೆಲ್ಲ ಸಾಬ್ರೇ ಹೊಲಿಯುತ್ತಿದ್ದರು, ಕೆಲವು ವರ್ಷಗಳಿಂದ ನನಗೆ ರೆಡಿಮೇಡೇ. ಸರೋಜ ತುಮಕೂರಿಗೆ ಹೋದಾಗ ತರುತ್ತಾಳೆ; ಸೊಂಟದಲ್ಲಿ ಗುಟ್ಟಾಗಿ ಎಲಾಸ್ಟಿಕ್ ಇಟ್ಟಿರುತ್ತಾರೆ, ಅದು ನನ್ನ ವಯಸ್ಸಿಗೆ ಪರಮಸುಖ. ಇನ್ನು ಉದ್ದವೋ, ಹಾಕಿಕೊಂಡರೆ ಹೇಳಿ ಮಾಡಿಸಿದ ಹಾಗೆ ಹಿಮ್ಮಡಿಗೆ ಬಂದು ನಿಲ್ಲುತ್ತಿತ್ತು. ಎಲ್ಲೋ ಯಾರೋ ಯಂತ್ರದಲ್ಲಿ ಕತ್ತರಿಸಿದ ಪ್ಯಾಂಟು ನನಗೆ ಇಷ್ಟು ಚೆನ್ನಾಗಿ ಕೂರಬೇಕಾದರೆ ನನ್ನ ಕಾಲುಗಳು ಅಂತಾರಾಷ್ಟ್ರೀಯ ದರ್ಜೆಯವೇ ಇರಬೇಕೆಂದು ಒಳಗೊಳಗೇ ಬೀಗಿದ್ದೆ, ಒಂದೆರಡು ಸಲ ಸ್ಟಾಫ್ ರೂಮಿನ ಹಳೆಯ ಗೆಳೆಯರ ಮುಂದೆ ಹೊರಹೊರಗೂ ಬೀಗಿದ್ದೆ.

“ಅಯ್ಯೋ ನನ್ ರಾಜ,” ಎಂದಳು ಸರೋಜ. “ಒಂದೊಂದು ಪ್ಯಾಂಟೂ ನಿಮ್ಮ ಕಾಲಿಗಿಂತ ಒಂದು ಗೇಣು ಉದ್ದ ಇರ್ತಿತ್ತು. ತಂದ ದಿನಾನೇ ಸಾಬ್ರಿಗೆ ಕೊಟ್ಟು ಕಮ್ಮಿ ಮಾಡಿಸ್ತಿದ್ದೆ. ಅಳತೆಗೆ ಹಳೇ ಪ್ಯಾಂಟೂ ಕೇಳ್ತಿರ್ಲಿಲ್ಲ ಪುಣ್ಯಾತ್ಮರು. ‘ಮೇಷ್ಟ್ರ ಕಾಲು ನಂಗೊತ್ತಿಲ್ವಾ ಕಣಮ್ಮ’ ಅನ್ನೋರು.”

ನಾಚಿಕೆಯಾಯಿತು. ಹೊಲಿಗೆ ಬಿಟ್ಟು ರೆಡಿಮೇಡಿಗೆ ಹೋದವನು ಹೊಲಿಯುವವನ ಎದುರು ನಿಂತು, ಅವನೇ ಮಡಿಸಿ ಹೊಲಿದ ಅಂಚಿನ ಮೇಲೆ ನಿಂತು, ಹಳೆಯದರ ನಿಯತ್ತು ಬೋಧಿಸಿದ್ದೆ. ನಾನು ಬಿಟ್ಟದ್ದು ಅವರ ಆಟವನ್ನಲ್ಲ, ಅನ್ನವನ್ನು. ಅವರು ಒಂದು ದಿನವೂ ಅದನ್ನು ಆಡಿ ತೋರಿಸಿರಲಿಲ್ಲ. ನಾಚಿಕೆಯ ಹಿಂದೆಯೇ ಹೆದರಿಕೆಯೂ ಬಂತು, ಇನ್ನು ಆ ಶಟರು ನನಗೆ ಅರ್ಧಕ್ಕೆ ನಿಲ್ಲಲಾರದು ಎಂದು. ಒಬ್ಬನೇ ಕೂತು ನೋಡಿದರೆ ಬಾಕ್ಸಿಂಗಿನಲ್ಲಿ ಏನಿದೆ? ಗುರುತು ಪರಿಚಯವಿಲ್ಲದ ಇಬ್ಬರ ಜಗಳ, ಅಷ್ಟೇ.

ಭಾನುವಾರ ಬೆಳಿಗ್ಗೆ ಬೀರು ತೆಗೆದು ತಡಕಿದೆ. ನಿವೃತ್ತಿಯ ಸಮಾರಂಭದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ಕೊಟ್ಟ ಪ್ಯಾಂಟ್ ಪೀಸು ಕವರಿನಲ್ಲೇ ಇತ್ತು. ನಮ್ಮಲ್ಲಿ ನಿವೃತ್ತರ ಬೀರುಗಳಲ್ಲೆಲ್ಲ ಇಂಥದೊಂದು ಪೀಸು ಹೊಲಿಗೆಯ ಭಾಗ್ಯವಿಲ್ಲದೆ ಮಲಗಿರುತ್ತದೆ. ಅದನ್ನು ಕಂಕುಳಲ್ಲಿರಿಸಿಕೊಂಡು, ಒಂದು ಕೈಯಲ್ಲಿ ಇಡ್ಲಿ ಹಿಡಿದು ಗಲ್ಲಿಗೆ ಬಂದೆ. ಶಟರು ನೆಲ ಮುಟ್ಟಿತ್ತು. ಆದರೆ ಹೊರಗೆ ಬೀಗವಿರಲಿಲ್ಲ.

ಹಿಂದಿರುಗಲೋ ಕರೆಯಲೋ ಎಂದು ನಿಂತಿದ್ದಾಗ ಒಳಗಿನಿಂದ ಸದ್ದು ಬಂತು. ಭೋಂ ಅಲ್ಲ. ಠಣ್.

ಶಟರು ಬಡಿದೆ.

“ಯಾರು?”

“ಗಿರಾಕಿ.”

“ಭಾನುವಾರ ರಜಾ.”

“ಪ್ಯಾಂಟ್ ಹೊಲಿಸ್ಬೇಕಿತ್ತು ಸಾಬ್ರೇ.”

ಒಳಗೆ ಸ್ಟೂಲು ಸರಿದ ಸದ್ದಾಯಿತು. ಆಮೇಲೆ ಕರಕರ ಎಂದು ಶಟರು ಎದ್ದು ಸೊಂಟದೆತ್ತರಕ್ಕೆ ನಿಂತಿತು. ಬಗ್ಗಿದೆ, ಬೆನ್ನು ಅರ್ಧದಲ್ಲಿ ಹಿಡಿದುಕೊಂಡಿತು, ಪೀಸು ಒಂದು ಕಡೆ, ಇಡ್ಲಿ ಒಂದು ಕಡೆ ವಾಲುತ್ತಾ ಹೇಗೋ ಒಳಗೆ ಬಿದ್ದೆ. ಟೀವಿಯಲ್ಲಿ ಬಾಕ್ಸಿಂಗ್ ನಡೆಯುತ್ತಿತ್ತು. ಹೊಲಿಗೆ ಮೆಷಿನ್ನಿಗೆ ಒರಗಿಸಿದ ಮೊಬೈಲಿನಲ್ಲಿ ಸದ್ದಡಗಿಸಿದ ಪಂಜರವೂ ನಡೆಯುತ್ತಿತ್ತು. ನನ್ನ ಕ್ಷೇತ್ರಕಾರ್ಯದ ಉತ್ತರ ಇಷ್ಟು ದಿನ ಈ ತಗಡಿನ ಹಿಂದೆಯೇ ಇತ್ತು.

ಸಾಬ್ರು ಸ್ಟೂಲು ಕೊಡಲಿಲ್ಲ. “ಒಂದ್ ಮಾತ್ ಕೇಳ್ಲಾ ಮೇಷ್ಟ್ರೇ?” ಎಂದರು. ಮೇಷ್ಟ್ರೇ ಎಂದದ್ದಕ್ಕೇ ನನಗೆ ಅರ್ಧ ಜೀವ ಬಂತು. “ರೆಡಿಮೇಡ್ ಹಾಕೋರು ಇನ್ನೂ ಹೊಲಿಸ್ತಾರಾ?”

ಉತ್ತರಕ್ಕೆ ಬದಲಾಗಿ ಪೀಸನ್ನು ಮುಂದೆ ಚಾಚಿದೆ. ಅವರು ಕವರು ಬಿಚ್ಚಿ, ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ, “ಬಟ್ಟೆ ಚೆನ್ನಾಗೈತೆ. ಹಾಳಾಗ್ತಿತ್ತು,” ಎಂದು ಟೇಪು ತೆಗೆದರು.

“ಸೊಂಟ ಎಷ್ಟಿಡ್ಲಿ?”

ರಿಟೈರಾಗುವ ಮುಂಚಿನ ನನ್ನ ಅಳತೆಯನ್ನೇ ಹೇಳಿದೆ. ದುರಭಿಮಾನ ಅಷ್ಟು ಬೇಗ ಸಾಯುವುದಿಲ್ಲ. ಸಾಬ್ರು ತಲೆಯಾಡಿಸಿ, ಗಿರಾಕಿ ದೇವರು ಎನ್ನುವಂತೆ, ನಾನು ಹೇಳಿದ ಅಂಕಿಗೇ ಟೇಪನ್ನು ಎಳೆದರು. ಇನ್ನೂ ಎಳೆದರು. ಅವರ ಕಣ್ಣು ಟೀವಿಯ ಮೇಲೆ, ಕೈ ನನ್ನ ಹೊಟ್ಟೆಯ ಮೇಲೆ. ಬೆಳಗಿನ ಕಾಫಿ ಗಂಟಲಿಗೆ ಬಂತು, ಕಣ್ಣು ಕತ್ತಲಿಟ್ಟಿತು, ಆದರೂ ಹಳಗನ್ನಡದ ವೀರನಾಗಿ ನಿಂತೇ ಇದ್ದೆ. ಕೊನೆಗೆ ಬೇರೆ ದಾರಿ ಕಾಣದೆ ಪಕ್ಕದ ಕತ್ತರಿಸುವ ಮೇಜಿನ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದೆ.

“ತಟ್ಟಿದ್ರಲ್ಲ, ಬುಟ್ಟೆ!” ಎಂದು ಟೇಪು ಸಡಿಲಿಸಿ ಸಾಬ್ರು ನಗತೊಡಗಿದರು. ನಾನೂ ನಕ್ಕೆ. ಅಷ್ಟರಲ್ಲಿ ಠಣ್ ಎಂದು ಗಂಟೆ ಹೊಡೆಯಿತು, ಮೊಬೈಲಿನ ಪಂಜರದಲ್ಲೂ ಯಾರೋ ಯಾರನ್ನೋ ಕೆಡವಿದರು. ಯಾವ ಕಡೆ ಯಾರು ಗೆದ್ದರೋ ನಾವಿಬ್ಬರೂ ನೋಡಲಿಲ್ಲ. ಇಡ್ಲಿ ಮಾತ್ರ ಬಿಸಿಯಾಗಿತ್ತು.

ಮುಂದಿನ ಭಾನುವಾರ ಹೊಸ ಪ್ಯಾಂಟು ಹಾಕಿಕೊಂಡು ಗಲ್ಲಿಗೆ ಬಂದು, ಅಭ್ಯಾಸಬಲದಿಂದ ಬೆನ್ನು ಬಗ್ಗಿಸಿ ನೋಡಿದರೆ ಅಷ್ಟೆಲ್ಲ ಬಗ್ಗುವ ಅಗತ್ಯವೇ ಇರಲಿಲ್ಲ. ಶಟರು ಎಂದಿಗಿಂತ ಮೇಲಿತ್ತು. ಇದು ಗಿರಾಕಿಗೋ ಸ್ನೇಹಿತನಿಗೋ ಎಂದು ಅನುಮಾನಿಸಿ ಹೊರಗೇ ನಿಂತೆ.

“ಏನ್ ನಿಂತ್ಬುಟ್ರಿ, ಬನ್ನಿ ಒಳೀಕೆ,” ಎಂದರು ಸಾಬ್ರು ಒಳಗಿನಿಂದ. “ಪ್ಯಾಂಟ್ ಒಂದ್ ಗೇಣು ಕಮ್ಮಿ ಮಾಡ್ತಿದ್ದೆ, ಶಟರ್ ಒಂದ್ ಗೇಣು ಜಾಸ್ತಿ ಮಾಡಿವ್ನಿ. ಹೆಂಗೋ ನಿಮಗೆ ಸರಿಹೋಗ್ಬೇಕಲ್ಲ.”