ಒರಳುಕಲ್ಲಿನ ಡಿಫರೆನ್ಷಿಯಲ್

ಗೋಣಿಚೀಲಕ್ಕೆ ಗ್ರೀಸ್ ಬಳಿದರೆ ಒಂದು ವಾಸನೆ ಬರುತ್ತದೆ. ರೇಷನ್ ಅಂಗಡಿಯೂ ಬಸ್ ಡಿಪೋವೂ ಒಂದೇ ಮನೆಯಲ್ಲಿ ಸಂಸಾರ ಹೂಡಿದಂಥ ವಾಸನೆ. ನಿನ್ನೆ ಬೆಳಿಗ್ಗೆ ಪದ್ಮನಾಭನಗರದ ನಮ್ಮ ಮನೆಯ ಹಿತ್ತಲಲ್ಲಿ ಕೂತು ನಾನು ಒಂದು ಗುಂಡುಕಲ್ಲನ್ನು ಗೋಣಿಯಲ್ಲಿ ಸುತ್ತಿ, ಅದರ ಮೇಲೆ ಗ್ರೀಸ್ ಹಚ್ಚುತ್ತಿದ್ದೆ. ಎಂಬತ್ತೈದು ದಾಟಿದವನು ಬೆಳಗಿನ ಹೊತ್ತು ಮಾಡುವ ಕೆಲಸವೇ ಇದು ಎನ್ನುತ್ತೀರಿ. ಒಪ್ಪಿದೆ. ಸಹಸ್ರನಾಮ ಹೇಳಿಕೊಳ್ಳಬಹುದಿತ್ತು. ಆದರೆ ಎದುರುಮನೆಯ ಕಿರಣ ಹೊಸ ಫೋರ್ ವ್ಹೀಲ್ ಡ್ರೈವ್ ಗಾಡಿ ತಂದಿದ್ದಾನೆ. ಹೆಂಡತಿಯ ಜೊತೆ ರಾಜಸ್ಥಾನದ ಮರುಭೂಮಿಗೆ ಹೊರಟಿದ್ದಾನೆ. ಎರಡು ದಿನದಿಂದ ಹಿಂಬಾಗಿಲು ತೆರೆದಿಟ್ಟುಕೊಂಡು ಸಾಮಾನು ತುಂಬುತ್ತಿದ್ದಾನೆ. ತೆರೆದ ಹಿಂಬಾಗಿಲು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹುಟ್ಟುಗುಣ, ಸುಟ್ಟರೂ ಹೋಗದು.

ಆ ಕಲ್ಲನ್ನು ಅವನ ಗಾಡಿಯೊಳಗೆ ಸೇರಿಸಿಬಿಡುವುದು ನನ್ನ ಘನ ಉದ್ದೇಶವಾಗಿತ್ತು. ಅಷ್ಟರಲ್ಲಿ ವಾಸನೆ ಮೂಗಿಗೆ ಹತ್ತಿತು. ಅನಂತು ನೆನಪಾದ. ಕೈ ನಿಂತಿತು.

ಗುಂಡುಕಲ್ಲು ಗೊತ್ತಲ್ಲ? ದೋಸೆಹಿಟ್ಟು ರುಬ್ಬುವಾಗ ಒರಳಿನ ಗುಳಿಯಲ್ಲಿ ಕೂತು ತಿರುಗುವ ಕಲ್ಲು. ನಮ್ಮ ಮನೆಯಲ್ಲಿ ಅರವತ್ತು ವರ್ಷದಿಂದ ಗುಂಡು ಒಂಟಿಯಾಗಿದೆ. ಒರಳು ಇಲ್ಲ. ಅದು ಎಲ್ಲಿ ಹೋಯಿತು ಎಂದು ನನ್ನನ್ನು ಕೇಳಿದವರಿಗೆಲ್ಲ ಬಹಳ ಹೆಮ್ಮೆಯಿಂದ ಒಂದು ಕತೆ ಹೇಳುತ್ತಾ ಬಂದಿದ್ದೇನೆ. ಆ ಕತೆಯಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಭಾಗವನ್ನು ಇವತ್ತು ನಿಮಗೆ ಹೇಳಿಬಿಡುತ್ತೇನೆ.

ಅರವತ್ತರ ದಶಕದಲ್ಲಿ ನಾವು ಜಯನಗರದಲ್ಲಿದ್ದೆವು. ಈಗಿನ ಜಯನಗರ ಅಂದುಕೊಳ್ಳಬೇಡಿ. ಒಂದು ಮನೆ, ನಾಲ್ಕು ಖಾಲಿ ಸೈಟು, ಮತ್ತೊಂದು ಮನೆ. ಖಾಲಿ ಸೈಟಿನಲ್ಲಿ ಹಾವು, ಮನೆಗಳಲ್ಲಿ ನಮ್ಮಂಥವರು. ಪಕ್ಕದ ಮನೆಯವನೇ ಅನಂತು. ನೆಲದಡಿಯ ನೀರು ಹುಡುಕುವ ಸರ್ಕಾರಿ ಇಲಾಖೆಯಲ್ಲಿ ಅವನು ಭೂವಿಜ್ಞಾನಿ. ನಾನು ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅವನು ಕಲ್ಲು ನೋಡಿ ನೀರು ಹೇಳುತ್ತಿದ್ದ, ನಾನು ಸದ್ದು ಕೇಳಿ ಇಂಜಿನ್ನಿನ ಕಾಯಿಲೆ ಹೇಳುತ್ತಿದ್ದೆ. ಇಡೀ ಜಯನಗರದಲ್ಲಿ ನನ್ನಂಥ ಕಿವಿ ಇನ್ನೊಂದಿಲ್ಲ ಎಂಬ ಮಾತಿತ್ತು. ಅದನ್ನು ನಾನೇ ಹೇಳುತ್ತಿದ್ದೆ, ಬೇರೆಯವರಿಗೆ ಪುರಸೊತ್ತಿರಲಿಲ್ಲ.

ನಮ್ಮಿಬ್ಬರ ಸ್ನೇಹಕ್ಕೆ ಒಂದು ಕಲ್ಲಿನ ಲೆಕ್ಕಾಚಾರವಿತ್ತು. ಶುರು ಮಾಡಿದವನು ಅವನೇ. ನಾನು ಮದುವೆಯಾಗಿ ಮೊದಲ ಸಲ ಮಾವನ ಮನೆಗೆ ತುಮಕೂರಿಗೆ ಹೊರಟಾಗ, ನನ್ನ ಟ್ರಂಕಿನಲ್ಲಿ ರೇಷ್ಮೆ ಪಂಚೆಯ ಕೆಳಗೆ ಒಂದು ದಪ್ಪ ಜಲ್ಲಿಕಲ್ಲು ಇಟ್ಟಿದ್ದ. ನಮ್ಮ ಅತ್ತೆಯವರು ಟ್ರಂಕು ತೆಗೆದು, ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, “ಅಳಿಯಂದ್ರೇ, ಇದನ್ನ ದೇವರ ಮನೇಲಿ ಇಡ್ಲಾ?” ಎಂದು ಕೇಳಿದರು. ಪಾಪ, ಭಕ್ತಿಯಿಂದಲೇ ಕೇಳಿದರು. ಇದಕ್ಕೆ ತಕ್ಕ ಉತ್ತರ ಕೊಡಲು ನಾನು ಮೂರು ವರ್ಷ ಕಾದೆ.

ಕಾದಿದ್ದಕ್ಕೆ ಬಂತು ಜೀಪು. ಅನಂತುವನ್ನು ರಾಜಸ್ಥಾನದ ಮರುಭೂಮಿಯಲ್ಲಿ ಬಾವಿ ತೋಡುವ ಜಾಗ ಹುಡುಕಲು ಹಾಕಿದರು. ಓಡಾಡಲು ಕೊಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ ಓಡಿ, ಸುಸ್ತಾಗಿ, ಮಿಲಿಟರಿಯವರ ಡಿಸ್ಪೋಸಲ್ ಹರಾಜಿನಲ್ಲಿ ಬಂದಿದ್ದ ಜೀಪು. ಇಲಾಖೆಯ ಶೆಡ್ಡಿನಲ್ಲಿ ಅದರ ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತಂತೆ. ಅನಂತು ಅದನ್ನು ನಮ್ಮ ಮನೆ ಮುಂದಿನ ಹೊಂಗೆಮರದ ಕೆಳಗೆ ತಂದು ನಿಲ್ಲಿಸಿದ. ನಿಲ್ಲಿಸಿದ ಅನ್ನುವುದಕ್ಕಿಂತ, ಅದು ತಾನೇ ಅಲ್ಲಿ ನಿಂತುಹೋಯಿತು.

“ಗುರು, ಇದು ಮರಳಿನ ಮೇಲೆ ಓಡ್ಬೇಕು,” ಎಂದ.

“ಮೊದಲು ಮಣ್ಣಿನ ಮೇಲೆ ಓಡ್ಲಿ ಇರಪ್ಪ,” ಎಂದೆ.

ನಾಲ್ಕು ಭಾನುವಾರ ನಾವಿಬ್ಬರೂ ಅದರ ಕೆಳಗೇ ವಾಸ. ಮುಂದಿನ ಚಕ್ರಗಳಿಗೂ ಎಳೆತ ಕೊಡುವ ಲಿವರ್ ಹಾಕಿದರೆ ಹತ್ತು ಗಜ ಹೋಗುವಷ್ಟರಲ್ಲಿ ತಾನಾಗೇ ಕಳಚಿಕೊಳ್ಳುತ್ತಿತ್ತು. ಅದರ ಸವೆದ ತುಂಡನ್ನು ನಾನು ಹೊಸದಾಗಿ ಕಡೆದು ಕೂರಿಸಿದೆ. ಮರಳುಪುಡಿ ಇಂಜಿನ್ನಿಗೆ ಹೋಗಬಾರದೆಂದು, ಗಾಳಿ ಒಳಗೆ ಹೋಗುವ ಬಾಯಿಗೆ ಅಮ್ಮನ ಹಳೆಯ ನೂಲಿನ ಸೀರೆಯನ್ನು ಮೂರು ಪದರ ಮಾಡಿ ಕಟ್ಟಿದೆವು. ಪೆಟ್ರೋಲ್ ಟ್ಯಾಂಕಿನ ಸಣ್ಣ ತೂತಿಗೆ ಬಾರ್ ಸೋಪು ಮೆತ್ತಿದೆವು. ರೇಡಿಯೇಟರ್ ಒಳಗೆ ಕಟ್ಟಿದ್ದ ಪಾಚಿ, ತುಕ್ಕು ಬಿಡಿಸಲು ಹುಣಸೆಹಣ್ಣು ಕಿವುಚಿ ಕುದಿಸಿದ ನೀರು ಸುರಿದೆವು. ಅಮ್ಮ ಬಾಗಿಲಲ್ಲಿ ನಿಂತು ನೋಡಿದರು.

“ವರ್ಷದ ಹುಣಸೆಹಣ್ಣೆಲ್ಲ ಸುರಿದ್ಯಲ್ಲೋ! ಅದಕ್ಕೇನು ಸಾರು ಮಾಡಿ ಹಾಕ್ತಿದ್ದೀಯಾ?”

“ಒಗ್ಗರಣೆ ಒಂದು ಬಾಕಿ ಅಮ್ಮ,” ಎಂದ ಅನಂತು, ಜೀಪಿನ ಕೆಳಗಿನಿಂದ. “ಇಂಗು ಇದ್ಯಾ?”

ಐದನೆಯ ಭಾನುವಾರ ಪರೀಕ್ಷೆ. ಬೆಂಗಳೂರಿನಲ್ಲಿ ಮರುಭೂಮಿ ಎಲ್ಲಿಂದ ತರುವುದು? ಗೊಟ್ಟಿಗೆರೆಯ ಕೆರೆ ಬೇಸಿಗೆಗೆ ಒಣಗಿತ್ತು. ಒಂದು ಮೂಲೆಯಲ್ಲಿ ಮೆಕ್ಕಲು ಮರಳು ಮೊಣಕಾಲುದ್ದ ಬಿದ್ದಿತ್ತು. ಜೀಪು ಹೋಗಿ ನೆಟ್ಟಗೆ ಅದರಲ್ಲಿ ಕೂತಿತು. ನಾವು ಅದಕ್ಕೂ ಸಿದ್ಧವಾಗಿದ್ದೆವು. ಕಾರ್ಖಾನೆಯಲ್ಲಿ ನಾನು ಮಾಡಿದ್ದ ಜೋಡಿ ರಾಟೆ, ಒಂದು ದಪ್ಪ ಹಗ್ಗ. ಹಗ್ಗದ ಒಂದು ತುದಿಯನ್ನು ದಂಡೆಯ ಮರಕ್ಕೆ ಬಿಗಿದು ಇಬ್ಬರು ಎಳೆದರೆ, ಜೀಪು ಕರು ಬಂದ ಹಾಗೆ ಹಿಂದೆ ಬಂತು. ನಾನು ಮೀಸೆ ತಿರುವಿದೆ.

ದಂಡೆಯ ಮೇಲೆ ದನ ಬಿಟ್ಟುಕೊಂಡು ಕೂತಿದ್ದ ಮುನಿಯಪ್ಪ ಅನ್ನುವ ರೈತ ಇದನ್ನೆಲ್ಲ ನೋಡುತ್ತಿದ್ದ. ಬೀಡಿ ಬಾಯಿಂದ ತೆಗೆದು ಕೇಳಿದ:

“ಇದನ್ನ ಎಲ್ಲಿಗೆ ಒಯ್ತೀರಾ ಸ್ವಾಮಿ?”

“ಮರಳುಗಾಡಿಗೆ. ಬರೀ ಮರಳೇ ಇರೋ ಸೀಮೆ.”

“ಅಲ್ಲಿ ಮರ ಐತಾ?”

ನಾನು ನಕ್ಕುಬಿಟ್ಟೆ. “ಮರ ಇಲ್ದಿರೋ ಊರು ಇರುತ್ತೇನಪ್ಪಾ?”

ಅನಂತು ಕೂಡ ನಕ್ಕ. ಭೂವಿಜ್ಞಾನಿ! ತಪ್ಪು ನಮ್ಮದಲ್ಲ, ಈ ಊರಿನದು. ಎಡಕ್ಕೆ ತಿರುಗಿದರೆ ಹೊಂಗೆ, ಬಲಕ್ಕೆ ತಿರುಗಿದರೆ ಗುಲ್‌ಮೊಹರ್. ಎಲ್ಲೂ ಇಲ್ಲವೆಂದರೆ ಒಂದು ಬಂಡೆ. ಇಲ್ಲಿ ಹುಟ್ಟಿದವನಿಗೆ ಹಗ್ಗ ಕಟ್ಟಲು ಏನೂ ಇಲ್ಲದ ಜಾಗ ಕನಸಿಗೂ ಬರುವುದಿಲ್ಲ.

ಈಗ ನನ್ನ ಪ್ರತೀಕಾರಕ್ಕೆ ಬರೋಣ. ಹೊರಡುವ ಹಿಂದಿನ ದಿನ ಅಮ್ಮನ ಒರಳುಕಲ್ಲನ್ನು ಗೋಣಿಯಲ್ಲಿ ಸುತ್ತಿ, ಹೊಲಿದು, ಗ್ರೀಸ್ ಬಳಿದು, ಮೇಲೆ ಬಿಳಿ ಬಣ್ಣದಲ್ಲಿ ‘ಡಿಫರೆನ್ಷಿಯಲ್’ ಎಂದು ಬರೆದೆ. ಜೀಪಿನ ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂತೆ ಕೂತಿರುತ್ತದಲ್ಲ, ಚಕ್ರ ತಿರುಗಿಸುವ ಹಲ್ಲುಗಳ ಗುಂಡು, ಅದೇ ಡಿಫರೆನ್ಷಿಯಲ್. ಅದು ಮುರಿದರೆ ಗಾಡಿ ಅಲ್ಲೇ. ಗುಂಡಗಿರುತ್ತದೆ, ಗ್ರೀಸಿನಲ್ಲಿ ಮುಳುಗಿರುತ್ತದೆ, ಹೆಣಭಾರ ಇರುತ್ತದೆ. ಒರಳಿಗೆ ಇದಕ್ಕಿಂತ ಒಳ್ಳೆಯ ವೇಷ ಸಿಗುತ್ತದೆಯೇ? ನನ್ನ ಬುದ್ಧಿಗೆ ನಾನೇ ಬೆರಗಾದೆ.

ಬೆಳಿಗ್ಗೆ ಅದನ್ನು ಇಬ್ಬರೂ ಸೇರಿ ಜೀಪಿಗೆ ಏರಿಸಿದೆವು.

“ಏನೋ ಇದು?”

“ಸ್ಪೇರ್ ಡಿಫರೆನ್ಷಿಯಲ್. ಹೇಗೋ ಗಿಟ್ಟಿಸಿದೆ. ಹಿಂದಿನದು ಮುರಿದ್ರೆ ಮಾತ್ರ ಬಿಚ್ಚು. ಸುಮ್ಸುಮ್ನೆ ಬಿಚ್ಚಿದ್ರೆ ಮರಳು ಹೋಗುತ್ತೆ.”

ಅನಂತು ಮೂಟೆಯನ್ನೂ ನೋಡಿದ, ನನ್ನನ್ನೂ ನೋಡಿದ. “ಇಷ್ಟೆಲ್ಲ ಮಾಡಿದ್ಯಲ್ಲೋ ನನಗೋಸ್ಕರ,” ಎಂದ. ಅವನ ಕಣ್ಣು ಒದ್ದೆಯಾಗಿತ್ತು. ನಾನು ನಗು ತಡೆಯಲು ಕೆನ್ನೆಯ ಒಳಗೆ ಕಚ್ಚಿಕೊಂಡಿದ್ದೆ. ಅಷ್ಟರಲ್ಲಿ ಶಿಫ್ಟಿಗೆ ಹೊತ್ತಾಯಿತು. ಸೈಕಲ್ ಹತ್ತಿ ಹೊರಟೆ. ದಾರಿಯುದ್ದಕ್ಕೂ ಒಬ್ಬನೇ ನಗುತ್ತಾ ಹೋದೆ.

ಸಂಜೆ ಬಂದಾಗ ಹೊಂಗೆಮರದ ಕೆಳಗೆ ಜೀಪು ಇರಲಿಲ್ಲ. ಒಂದು ನೀರಿನ ಕ್ಯಾನು ಇತ್ತು. ತುಂಬಿದ ಕ್ಯಾನು.

“ಅನಂತು ಇಳಿಸಿ ಹೋದ,” ಎಂದರು ಅಮ್ಮ. “ಭಾರ ಜಾಸ್ತಿಯಾಗಿ ಸ್ಪ್ರಿಂಗು ಕೂತ್ಕೊಂಡ್ಬಿಡ್ತಂತೆ. ಮೂರು ಕ್ಯಾನಲ್ಲಿ ಒಂದು ಬಿಟ್ರೆ ನಡೆಯುತ್ತೆ, ನೀನು ಕೊಟ್ಟಿದ್ದು ನೀರಿಗಿಂತ ಮುಖ್ಯ ಅಂದ. ಅದಿರ್ಲಿ, ಒರಳು ಎಲ್ಲೋ? ಅಕ್ಕಿ ನೆನೆಸಿದ್ದೀನಿ.”

ನಾನು ಜಗಲಿಯ ಮೇಲೆ ಕೂತುಬಿಟ್ಟೆ. ಎರಡು ದಿನ ಬಾವಿಯೇ ಸಿಗದ ದಾರಿಗಳಿವೆ ಎಂದು ಅವನೇ ಹೇಳಿದ್ದ. ಊರಿಗೆಲ್ಲ ನೀರು ಹುಡುಕಲು ಹೊರಟವನ ನೀರನ್ನು ನಾನು ಇಳಿಸಿ, ಕಲ್ಲು ಹೇರಿ ಕಳಿಸಿದ್ದೆ. ಡಿಫರೆನ್ಷಿಯಲ್ ಮುರಿದು, ನನ್ನನ್ನು ನಂಬಿ ಆ ಮೂಟೆ ಬಿಚ್ಚಿದರೆ? ಅಮ್ಮನಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ನೆನೆಸಿದ ಅಕ್ಕಿಯನ್ನು ಎತ್ತಿಕೊಂಡು ಸುಮ್ಮನೆ ಪಕ್ಕದ ಮನೆಗೆ ರುಬ್ಬಲು ಹೋದರು. ಪಕ್ಕದ ಮನೆ ಎಂದರೆ ಅನಂತುವಿನ ಮನೆಯೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಕಾರ್ಖಾನೆಗೆ ಚಕ್ಕರ್ ಹೊಡೆದು ತಂತಿ ಆಫೀಸಿಗೆ ಓಡಿದೆ. ಅನಂತು ಜೀಪಿನಲ್ಲಿ ಜೋಧಪುರದ ಕಚೇರಿ ಮುಟ್ಟಲು ಹತ್ತು ಹನ್ನೆರಡು ದಿನ ಬೇಕು. ತಂತಿ ಮೊದಲೇ ಹೋಗಿ ಅಲ್ಲಿ ಕಾದಿರಲಿ ಎಂದು. ನನ್ನ ಬಟ್ಲರ್ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ: ‘ಡಿಫರೆನ್ಷಿಯಲ್ ಈಸ್ ಮದರ್ಸ್ ಗ್ರೈಂಡಿಂಗ್ ಸ್ಟೋನ್. ಥ್ರೋ. ಟೇಕ್ ವಾಟರ್.’

ಗುಮಾಸ್ತರು ಎರಡು ಸಲ ಓದಿದರು. ಕನ್ನಡಕದ ಮೇಲಿನಿಂದ ನನ್ನನ್ನು ಅಳೆದರು.

“ಏನ್ರೀ ಇದು, ಗುಪ್ತಭಾಷೆನಾ?”

“ಅಲ್ಲ ಸಾರ್. ನಿಜವಾಗ್ಲೂ ಒರಳುಕಲ್ಲು.”

“ಗಡಿ ಕಡೆ ಹೋಗೋ ತಂತಿ. ಹೀಗೆಲ್ಲ ಕಳಿಸಕ್ಕಾಗಲ್ಲ. ಸರಿಯಾಗಿ ಬಿಡಿಸಿ ಹೇಳಿ.”

ಬಿಡಿಸಿ ಹೇಳಿದೆ. ಅತ್ತೆಯವರ ಜಲ್ಲಿಕಲ್ಲಿನಿಂದ ಹಿಡಿದು ಹೇಳಿದೆ. ಹಿಂದೆ ಕ್ಯೂ ಬೆಳೆದಿತ್ತು. ಯಾರೂ ಅವಸರ ಮಾಡಲಿಲ್ಲ. ಹಿಂದೆ ನಿಂತವರೊಬ್ಬರು “ಸ್ವಲ್ಪ ಜೋರಾಗಿ ಹೇಳಿ ಸಾರ್” ಎಂದರು. ಗುಮಾಸ್ತರು ಮಾತ್ರ ನಗಲಿಲ್ಲ. “ನೀರು ಅಂತ ಇನ್ನೊಂದ್ಸಲ ಸೇರಿಸಿ,” ಎಂದರು. “ಒಂದೇ ಸಲ ಇದ್ರೆ ಕಣ್ಣು ತಪ್ಪುತ್ತೆ.” ‘ಟೇಕ್ ವಾಟರ್ ವಾಟರ್’ ಎಂದು ಹೋಯಿತು.

ಆಮೇಲೆ ಕಾಯುವ ಕೆಲಸ. ನನಗೊಂದು ಹುಚ್ಚು ಹಿಡಿಯಿತು. ದಿನಾ ಬೆಳಿಗ್ಗೆ ಆ ಕ್ಯಾನಿನ ಹಳೆಯ ನೀರನ್ನು ಹೊಂಗೆಮರಕ್ಕೆ ಸುರಿದು, ತೊಳೆದು, ಹೊಸ ನೀರು ತುಂಬಿಸಿ ಅಲ್ಲೇ ಇಡುತ್ತಿದ್ದೆ. ಜಯನಗರದ ಕ್ಯಾನು ತುಂಬಿದರೆ ಜೋಧಪುರದವನ ಬಾಯಾರಿಕೆ ತೀರುವುದಿಲ್ಲ ಎಂದು ನನಗೂ ಗೊತ್ತಿತ್ತು. ತುಂಬಿಸದಿದ್ದರೆ ಶಿಫ್ಟಿಗೆ ಹೋಗಲು ಕಾಲು ಬರುತ್ತಿರಲಿಲ್ಲ. ಬೀದಿಯಲ್ಲಿ ಸಿಕ್ಕವರು ಬೇರೆ: “ಏನ್ ಸಾರ್, ಒರಳು ತಲುಪ್ತಾ?” ನಾನು ಯಾರಿಗೂ ತಿರುಗಿ ಉತ್ತರ ಕೊಡದೇ ಇದ್ದದ್ದು ನನ್ನ ಜೀವಮಾನದಲ್ಲಿ ಆ ಒಂದು ತಿಂಗಳು ಮಾತ್ರ.

ತಿಂಗಳ ಮೇಲೆ ಕಾಗದ ಬಂತು. ನಿಂತುಕೊಂಡೇ ಓದಿದೆ.

“ತಂತಿ ತಲುಪಿತು, ಕತ್ತೆ. ಎರಡು ಕ್ಯಾನು ನೀರು ಹೆಚ್ಚಾಗಿ ತೆಗೆದುಕೊಂಡೆ. ಕಲ್ಲನ್ನು ಅಲ್ಲೇ ಎಸೆಯುವವನಿದ್ದೆ. ಆದರೆ ವಾಪಸ್ ತಂದು ನಿನ್ನ ಹಾಸಿಗೆಯ ಕೆಳಗೆ ಇಡಬೇಕೆನ್ನಿಸಿತು. ಅದಕ್ಕೇ ನನ್ನ ಹಾಸಿಗೆ, ಪುಸ್ತಕದ ಪೆಟ್ಟಿಗೆ ಎಲ್ಲ ಇಳಿಸಿ, ಕಲ್ಲು ಉಳಿಸಿಕೊಂಡೆ. ಮೂರನೇ ದಿನ ಜೀಪು ಅಚ್ಚಿನವರೆಗೆ ಮರಳಲ್ಲಿ ಹೂತಿತು. ಹಗ್ಗ, ರಾಟೆ ತೆಗೆದು ನಿಂತೆವು. ಸುತ್ತ ನೋಡಿದರೆ ಒಂದು ಪೊದೆಯೂ ಇಲ್ಲ. ಮುನಿಯಪ್ಪ ಕಣ್ಣೆದುರು ಬಂದ. ಸ್ಟೆಪ್ನಿ ಹೂತು ಹಗ್ಗ ಕಟ್ಟಿದರೆ ಅದು ಎದ್ದು ಬಂತು. ಕೊನೆಗೆ ಸ್ಟೆಪ್ನಿಗೆ ನಿಮ್ಮಮ್ಮನ ಒರಳನ್ನೂ ಬಿಗಿದು, ನಾನು, ಇಲ್ಲಿನ ಕಚೇರಿಯವರು ಕೊಟ್ಟ ಡ್ರೈವರ್ ಇಬ್ಬರೂ ಎದೆಮಟ್ಟ ಅಗೆದು ಹೂತೆವು. ಅದು ಅಲ್ಲಾಡಲಿಲ್ಲ. ಜೀಪು ಬಂತು. ಸ್ಟೆಪ್ನಿ ಕಿತ್ತುಕೊಂಡೆವು, ಕಲ್ಲು ಕೀಳಲು ಕೈಯಲ್ಲಿ ಕಸುವಿರಲಿಲ್ಲ. ನಿನ್ನ ಡಿಫರೆನ್ಷಿಯಲ್ ಅಲ್ಲೇ ಇದೆ, ಬೇಕಾದರೆ ಬಂದು ತಗೋ. ಆ ಬಿಸಿಲಲ್ಲಿ ಅಷ್ಟು ಆಳ ಅಗೆದದ್ದು ನೀರಿದ್ದದ್ದರಿಂದ. ನಮ್ಮನ್ನು ಉಳಿಸಿದ್ದು ನಿನ್ನ ತಂತಿ ಕಣೋ, ಕಲ್ಲಲ್ಲ.”

ಆ ಕಾಗದವನ್ನು ನಾನು ಬೀದಿಗೆಲ್ಲ ಓದಿ ಹೇಳಿದೆ. ಮರುಭೂಮಿಯಲ್ಲಿ ಮರವಿರುವುದಿಲ್ಲ ಎಂದು ಮೊದಲೇ ಊಹಿಸಿ ಒರಳು ಕಳಿಸಿದವನು ನಾನು ಎಂಬ ಕತೆ ಹುಟ್ಟಿದ್ದು ಹಾಗೆ. ತಂತಿ ಆಫೀಸಿನ ಕ್ಯೂನಲ್ಲಿದ್ದವರು ಕೂಡ ಕ್ರಮೇಣ ನಂಬಿದರು. ಕೊನೆಯ ಎರಡು ಸಾಲನ್ನು ಮಾತ್ರ ನಾನು ಯಾರಿಗೂ ಓದಲಿಲ್ಲ. ಕಾಲು ಭಾಗ ಅಂದೆನಲ್ಲ, ಅದು ಇದೇ.

ಅನಂತು ವಾಪಸ್ ಬಂದ ದಿನ ಕಪ್ಪಗೆ ಸುಟ್ಟ ಬದನೆಕಾಯಿಯಂತಿದ್ದ. ನನ್ನನ್ನು ಹೊಡೆಯುತ್ತಾನೆ ಎಂದುಕೊಂಡೆ. ಅವನ ಕಣ್ಣು ಹೊಂಗೆಮರದ ಬುಡಕ್ಕೆ ಹೋಯಿತು. “ಇದಿನ್ನೂ ಇಲ್ಲೇ ಇದ್ಯಾ?” ಎಂದು ಕ್ಯಾನಿನ ಮುಚ್ಚಳ ತೆಗೆದ. “ದಿನಾ ಬದಲಾಯಿಸ್ತಾನೆ ಕಣಪ್ಪ,” ಎಂದರು ಅಮ್ಮ ಒಳಗಿನಿಂದ. ಅವನು ಕ್ಯಾನು ಎತ್ತಿ, ಅಂಗಿಯೆಲ್ಲ ನೆನೆಯುವಂತೆ ಗಟಗಟ ಕುಡಿದ.

ಅವನು ಹೋಗಿ ಈಗ ಕೆಲವು ವರ್ಷವಾಯಿತು. ಎಷ್ಟು ಮದುವೆ ಮನೆಗಳಲ್ಲಿ, ಅವನು ಪಕ್ಕದಲ್ಲೇ ಕೂತಿರುವಾಗ ನಾನು ಆ ಬಡಾಯಿ ಕೊಚ್ಚಿಲ್ಲ! ಒಂದು ಸಲವೂ ಬಾಯಿ ಹಾಕಲಿಲ್ಲ ಪುಣ್ಯಾತ್ಮ. ಎಲೆಯಲ್ಲಿದ್ದ ಹೋಳಿಗೆಯನ್ನು ನೋಡುತ್ತಾ ನಗುತ್ತಿದ್ದ.

ಇವತ್ತು ಬೆಳಿಗ್ಗೆ ಗೋಣಿ ಬಿಚ್ಚಿ ಗುಂಡುಕಲ್ಲನ್ನು ಅದರ ಜಾಗದಲ್ಲೇ ಇಟ್ಟೆ. ಮನೆಯ ದೊಡ್ಡ ಕ್ಯಾನು ತೊಳೆದು, ನೀರು ತುಂಬಿಸಿ, ನಿಂತು ನಿಂತು ಎದುರುಮನೆಗೆ ಎಳೆದುಕೊಂಡು ಹೋದೆ. ಕಿರಣ ಓಡಿಬಂದ.

“ಯಾಕೆ ತಾತ ಇದೆಲ್ಲ? ದಾರೀಲಿ ಬಾಟಲು ಸಿಗುತ್ತೆ.”

“ಮರಾನೂ ಸಿಗುತ್ತೆ ಅಂದ್ಕೊಂಡಿದ್ವಿ ಕಣಪ್ಪ. ಮೊದಲು ಇದನ್ನ ಇಡು. ಏನಾದ್ರೂ ಇಳಿಸೋ ಹಾಗಿದ್ರೆ ನಿನ್ನ ಸೂಟ್‌ಕೇಸ್ ಇಳಿಸು. ಇದನ್ನ ಇಳಿಸ್ಬೇಡ.”

ನನ್ನ ಮುಖದಲ್ಲಿ ಏನು ಕಂಡನೋ, ತಮಾಷೆ ಮಾಡದೆ ಎತ್ತಿಟ್ಟ. ಆಮೇಲೆ ಬಗ್ಗಿ ಕ್ಯಾನಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದದ್ದನ್ನು ಓದಿದ.

“ತಾತ, ನೀರಿನ ಕ್ಯಾನ್ ಮೇಲೆ ‘ಡಿಫರೆನ್ಷಿಯಲ್’ ಅಂತ ಯಾಕೆ ಬರ್ದಿದ್ದೀರಾ?”

“ಹೋಗ್ಬಾ,” ಎಂದೆ. “ಬಂದ್ಮೇಲೆ ಹೇಳ್ತೀನಿ.”