ಮೊದಲ ಸಂಜೆಯೇ ಉರಿದ ಒಂಬತ್ತು ಮೇಣದಬತ್ತಿ

ನಮ್ಮ ಮಲ್ಲತ್ತಹಳ್ಳಿ ಬಡಾವಣೆಯ ಸಂಘದ ಅಧ್ಯಕ್ಷರಿಗೆ ಮೈಕು ಕಂಡರೆ ಮೈಮೇಲೆ ದೇವರು ಬಂದ ಹಾಗಾಗುತ್ತದೆ. ರಾಜ್ಯೋತ್ಸವಕ್ಕೆ ಹೊದಿಸಿಕೊಂಡ ಶಾಲು ಡಿಸೆಂಬರಾದರೂ ಹೆಗಲಿನಿಂದ ಇಳಿದಿರಲಿಲ್ಲ. ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಆಂಟಿ ಯಹೂದಿಯರು, ಅವರ ಹನುಕ್ಕಾ ಹಬ್ಬ ಶುರುವಾಗುತ್ತಿದೆ ಅಂತ ಇಂಥವನ ಕಿವಿಗೆ ಹಾಕಿದವಳು ನಾನೇ. ನನ್ನ ಬಾಯಿಗೆ ಮಣ್ಣು ಬೀಳ!

ಆಂಟಿ ಮುಂಬೈ ಕಡೆಯವರು. ಗಂಡ ಆಷಾಢದಲ್ಲಿ ತೀರಿಕೊಂಡಿದ್ದರು. ಹಬ್ಬದ ಮೇಣದಬತ್ತಿ ಮುಂಬೈಯಿಂದ ತರಿಸುತ್ತಿದ್ದವರೂ ಅವರೇ, ಹಚ್ಚುತ್ತಿದ್ದವರೂ ಅವರೇ. ಹಿಂದಿನ ವರ್ಷ ಎರಡು ಪೆಟ್ಟಿಗೆ ತರಿಸಿದ್ದರಂತೆ, ಒಂದು ಉಳಿದಿತ್ತು. ಅದರಲ್ಲಿ ಸರಿಯಾಗಿ ನಲವತ್ತನಾಲ್ಕು ಬತ್ತಿ. ಮೆನೋರಾ ಅನ್ನುವ ದೀಪದ ಕಂಬದಲ್ಲಿ ಮೊದಲ ಸಂಜೆ ಒಂದು, ಎರಡನೆಯ ಸಂಜೆ ಎರಡು, ಹೀಗೆ ಎಂಟು ದಿನ. ಅವನ್ನು ಹಚ್ಚಲಿಕ್ಕೆ ದಿನಕ್ಕೊಂದು ಬೇರೆ.

"ಎಂಟನೇ ದಿನ ಮೆನೋರಾ ತುಂಬಾ ಉರೀಬೇಕು ಕಣಮ್ಮ. ಅವರು ಅದನ್ನ ನೋಡೋಕೇ ಕಾಯ್ತಾ ಇದ್ರು" ಅಂದಿದ್ದರು ಆಂಟಿ. ಆ ಹಬ್ಬದಿಂದ ಆಂಟಿಗೆ ಬೇಕಿದ್ದದ್ದು ಅದೊಂದೇ.

ಮೊದಲ ಸಂಜೆ ಅಧ್ಯಕ್ಷರು ಹದಿನೈದು ಜನರನ್ನು ಕಟ್ಟಿಕೊಂಡು ಮೆಟ್ಟಿಲು ಹತ್ತಿದರು. ಒಂಬತ್ತು ಕವಲಿನ ಆ ಹಿತ್ತಾಳೆ ಮೆನೋರಾದಲ್ಲಿ ಎರಡೇ ಬತ್ತಿ ಕಂಡು ಮುಖ ಸಣ್ಣಗಾಯಿತು.

"ಏನ್ ಆಂಟಿ, ಎರಡೇನಾ? ವಿಡಿಯೋದಲ್ಲಿ ಬೋಳು ಬೋಳಾಗಿ ಕಾಣುತ್ತೆ. ಎಲ್ಲಾ ಹಚ್ಚಿ, ಗ್ರ್ಯಾಂಡಾಗಿರ್ಲಿ!"

"ಇಲ್ಲ ಸಾರ್, ಇವತ್ತು ಒಂದೇ..."

"ಅಯ್ಯೋ, ದೀಪಕ್ಕೆಲ್ಲ ಲೆಕ್ಕ ಇಡ್ತಾರಾ?" ಎನ್ನುತ್ತಾ ಪೆಟ್ಟಿಗೆಗೆ ಕೈ ಹಾಕಿ ಇನ್ನೂ ಏಳು ಸಿಕ್ಕಿಸಿಯೇಬಿಟ್ಟರು. ಆಂಟಿ ನನ್ನ ಮುಖ ನೋಡಿದರು. ಅಷ್ಟು ಜನರ ಮುಂದೆ ಅಧ್ಯಕ್ಷರನ್ನು ಎದುರು ಹಾಕಿಕೊಳ್ಳುವ ಧೈರ್ಯ ನನಗೆಲ್ಲಿತ್ತು? "ಹೋಗ್ಲಿ ಬಿಡಿ ಆಂಟಿ, ಆಸೆಪಟ್ಟಿದಾರೆ" ಅಂದೆ.

ಆಮೇಲೆ ಆ ಪುಣ್ಯಾತ್ಮ ಬೆಳಕಿನ ಮಹಿಮೆಯ ಮೇಲೆ ಭಾಷಣ ಬಿಗಿದ. ಬತ್ತಿಗಳು ಕರಗಿ ಮುಗಿದವು, ಭಾಷಣ ಮುಗಿಯಲಿಲ್ಲ. ಕೊನೆಗೆ "ಸಮಸ್ತ ಕ್ರೈಸ್ತ ಬಾಂಧವರಿಗೆ ಶುಭಾಶಯಗಳು" ಅಂದು, ನಾನೇ ಕರಿದಿದ್ದ ಬೋಂಡ ನಾಲ್ಕು ತಿಂದು ಇಳಿದು ಹೋದ. ಥೂ! ಯಾರ ಮನೆಯಲ್ಲಿ ಕೂತಿದ್ದೇನೆ ಅನ್ನೋದೂ ಆ ತಲೆಗೆ ಹೋಗಿರಲಿಲ್ಲ.

ಎಂಟನೆಯ ಸಂಜೆ ಪೆಟ್ಟಿಗೆಯಲ್ಲಿ ಉಳಿದದ್ದು ಎರಡೇ ಬತ್ತಿ. ನಾನು ಅಂಗಡಿಯಿಂದ ಒಂದು ಕಟ್ಟು ಮೇಣದಬತ್ತಿ ತಂದು ಮುಂದೆ ಹಿಡಿದೆ.

"ಬೇಡಮ್ಮ. ಅವರು ತಂದಿದ್ದು ಇಷ್ಟೇ" ಎಂದು ಆಂಟಿ ಇದ್ದೆರಡನ್ನೇ ಹಚ್ಚಿದರು. ಏಳು ಕವಲು ಖಾಲಿ ಉಳಿದವು.

ಅಷ್ಟರಲ್ಲಿ ನನ್ನ ಫೋನು ಸದ್ದು ಮಾಡಿತು. ಅಧ್ಯಕ್ಷರು ಬಡಾವಣೆಯ ಗ್ರೂಪಿಗೆ ಮೊದಲ ದಿನದ ವಿಡಿಯೋ ಮತ್ತೆ ಹಾಕಿದ್ದರು. ಆಂಟಿ ಕೈಚಾಚಿ ಫೋನು ಇಸಿದುಕೊಂಡು, ಒಂಬತ್ತೂ ಉರಿಯುವುದನ್ನು ಕೊನೆಯವರೆಗೂ ನೋಡಿದರು. ಅದರಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವಳು ನಾನು.